ಇನ್ನೂ ಎಷ್ಟು ಮನೆ

ತೀರ್ಥಹಳ್ಳಿ
12 ಜನವರಿ 2025

ಶ್ರೀಮತಿ ಕನ್ನಮ್ಮನವರಿಗೆ ನಮಸ್ಕಾರಗಳು.

ನಿಮಗೆ ನನ್ನ ಪರಿಚಯವಿಲ್ಲ. ನನ್ನ ಹೆಸರು ವಿನಯಾ, ಇಲ್ಲಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹೊಸನಗರದ ಅಂಗನವಾಡಿ ಟೀಚರ್ ಯಶೋಧಾ ನಿಮ್ಮ ವಿಳಾಸ ಕೊಟ್ಟರು. ಫೋನ್ ನಂಬರನ್ನೂ ಕೇಳಿದೆ. "ನಂಬರ್ ಕೊಟ್ರೂ ಪ್ರಯೋಜ್ನ ಇಲ್ಲ ಮೇಡಂ, ಆ ಅಕ್ಕ ಫೋನ್ ಎತ್ತಲ್ಲ. ಕಾಗ್ದ ಬರೀರಿ, ಉತ್ರ ಬರತ್ತೆ" ಅಂದರು. ಹಾಗಾಗಿ ಎಷ್ಟೋ ವರ್ಷಗಳ ಮೇಲೆ ಅಂಚೆ ಕಚೇರಿಗೆ ಹೋಗಿ ಲಕೋಟೆ ತಂದೆ.

ವಿಷಯ ಇಷ್ಟು. ನಾವು ಏಳೆಂಟು ಜನ ಸೇರಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಗ್ರಂಥಾಲಯದ ಮಹಡಿಯಲ್ಲಿ ಸಿನಿಮಾ ತೋರಿಸುತ್ತೇವೆ. ಟಿಕೆಟ್ ಇಲ್ಲ. ಸುತ್ತಲಿನ ಹಳ್ಳಿಗಳಿಂದಲೂ ಜನ ಬರುತ್ತಾರೆ. ಕಳೆದ ತಿಂಗಳು ಬೇರೆ ಭಾಷೆಯ ಚಿತ್ರವೊಂದನ್ನು ಹಾಕಿದ್ದೆವು, ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು. ಎಲ್ಲ ಮುಗಿದ ಮೇಲೆ ಕೆರಿಯಪ್ಪ ಎಂಬ ರೈತರು ನನ್ನ ಹತ್ತಿರ ಬಂದು, "ಪಿಚ್ಚರ್ ಚೆನ್ನಾಗಿತ್ತು ಮೇಡಂ. ಅವ್ರು ಯಾಕೆ ಜಗ್ಳ ಆಡಿದ್ರು ಅಂತ ಗೊತ್ತಾಗಿದ್ರೆ ಇನ್ನೂ ಚೆನ್ನಾಗಿರ್ತಿತ್ತು" ಅಂದರು. ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಈಗ ಒಂದು ತಮಿಳು ಚಿತ್ರ ಸಿಕ್ಕಿದೆ. ತೋರಿಸಲು ಅದನ್ನು ಮಾಡಿದವರೇ ಒಪ್ಪಿಗೆ ಕೊಟ್ಟಿದ್ದಾರೆ. ಒಂದು ಹಳ್ಳಿ, ಅದಕ್ಕೆ ಮೇಲಿನ ಬೀದಿ ಮತ್ತು ಕೆಳಗಿನ ಬೀದಿ. ಎರಡಕ್ಕೂ ಸೇರಿ ಒಂದು ಕೆರೆ. ಬೇಸಿಗೆಯಲ್ಲಿ ನೀರು ಇಳಿದಾಗ ಊರೆಲ್ಲ ಕೆರೆಗಿಳಿದು ಮೀನು ಹಿಡಿಯುತ್ತದೆ. ಆದರೆ ಮೇಲಿನ ಬೀದಿಯವರು ಹಿಡಿದು ಮುಗಿಸಿ ದಡ ಹತ್ತಿದ ಮೇಲೆ ಮಾತ್ರ ಕೆಳಗಿನವರು ಇಳಿಯಬೇಕು. ಒಂದು ವರ್ಷ ಪೇಚಿ ಎಂಬ ಮುದುಕಿ ಬುಟ್ಟಿ ಹಿಡಿದು ಎಲ್ಲರಿಗಿಂತ ಮೊದಲು ಇಳಿದುಬಿಡುತ್ತಾಳೆ. ಅಲ್ಲಿಂದ ಎರಡು ಬೀದಿಗೂ ಹೊತ್ತಿಕೊಳ್ಳುತ್ತದೆ.

ನಿಮ್ಮ ಮನೆಮಾತು ತಮಿಳು ಎಂದು ಯಶೋಧಾ ಹೇಳಿದರು. ನೀವು ಇದರ ಮಾತುಗಳನ್ನು ಕನ್ನಡದಲ್ಲಿ ಬರೆದುಕೊಟ್ಟು, ಚಿತ್ರ ನಡೆಯುವಾಗ ಪಕ್ಕದಲ್ಲಿ ಮೈಕ್ ಹಿಡಿದು ಓದಬಹುದೇ? ಪೆನ್‌ಡ್ರೈವ್ ಅನ್ನು ಯಶೋಧಾ ತಲುಪಿಸುತ್ತಾರೆ.

ವಿನಯಾ

ಕಾರ್ಗಲ್
20 ಜನವರಿ 2025

ವಿನಯಾ ಮೇಡಂಗೆ ಕನ್ನಮ್ಮ ಮಾಡುವ ನಮಸ್ಕಾರ.

ಯಶೋಧಾ ಹೇಳಿದ್ದು ನಿಜ. ಇಲ್ಲಿನ ಅಣೆಕಟ್ಟೆ ಪ್ರಾಜೆಕ್ಟಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಕೂತವಳು ನಾನು. ಯಾರದೋ ಮಾತನ್ನು ಯಾರಿಗೋ ಜೋಡಿಸಿ ಕೊಟ್ಟು ಕಿವಿ ದಣಿದಿದೆ. ನಿವೃತ್ತಿಯಾದ ದಿನವೇ ಇನ್ನು ಈ ಸಾಮಾನು ಮುಟ್ಟುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೆ. ಏನಾದರೂ ಅವಸರದ ಸುದ್ದಿಯಿದ್ದರೆ ಪಕ್ಕದ ಮನೆ ಹಾಲಮ್ಮನ ಮೊಬೈಲಿಗೆ ಬರುತ್ತದೆ. ಅವಳು ಬೇಲಿ ಹತ್ತಿರ ನಿಂತು ಕೂಗುತ್ತಾಳೆ.

ಸಿನಿಮಾ ನೋಡಿದೆ. ಎರಡು ಸಲ. ನನಗೆ ಪೇಟೆಯ ತಮಿಳು ಬರುವುದಿಲ್ಲ. ನಮ್ಮ ಮನೆಯದು ಅಣೆಕಟ್ಟೆ ಕಟ್ಟುವ ಕಾಲಕ್ಕೆ ಅಪ್ಪನ ಜೊತೆ ಲಾರಿಯಲ್ಲಿ ಬಂದ ತಮಿಳು. ಇಲ್ಲಿಗೆ ಬಂದ ಮೇಲೆ ಅದು ಹಾಗೇ ನಿಂತುಬಿಟ್ಟಿದೆ. ಈ ಚಿತ್ರದವರು ಅದೇ ಮಾತನ್ನು ಆಡುತ್ತಾರೆ. ಪೇಚಿ ಬಾಯಿ ತೆರೆದ ಕೂಡಲೇ ನನ್ನ ಸೋದರತ್ತೆ ಒಳಗೆ ಬಂದು ಕೂತ ಹಾಗಾಯಿತು. ಆದ್ದರಿಂದ ಒಪ್ಪಿದ್ದೇನೆ. ಕೂಲಿ ಬೇಡ, ಬಸ್ಸಿನ ಖರ್ಚು ಕೂಡ ಬೇಡ, ಹೆಂಗಸರಿಗೆ ಬಸ್ಸು ಪುಕ್ಕಟೆಯಲ್ಲವೇ.

ಹಾಲಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಭ್ಯಾಸ ಶುರು ಮಾಡಿದ್ದೇನೆ. ಅರ್ಧ ಗಂಟೆ ಸುಮ್ಮನೆ ನೋಡಿದಳು. ಆಮೇಲೆ, "ಎಲ್ರೂ ಒಂದೇ ಥರ ಕಪ್ಪಗೆ, ಒಂದೇ ಥರ ಪಂಚೆ ಉಟ್ಕಂಡು ಇದಾರಲ್ಲೇ. ಇದ್ರಾಗೆ ಮೇಲಿನೋರು ಯಾರು, ಕೆಳಗಿನೋರು ಯಾರು?" ಅಂತ ಕೇಳಿದಳು. "ಅದೇ ಕಥೆ ಕಣೇ" ಅಂದೆ. ಅವಳಿಗೆ ಸಮಾಧಾನವಾಗಲಿಲ್ಲ. ನಮ್ಮ ಕಾಲೊನಿಯಲ್ಲಿ ಬೆಳೆದವಳು, ಪಾಪ. ನಮ್ಮಲ್ಲಿ ಮನುಷ್ಯರನ್ನು ಗುರುತು ಹಿಡಿಯುತ್ತಿದ್ದದ್ದು ಕ್ವಾರ್ಟರ್ಸಿನಿಂದ. ಎ ಟೈಪ್ ಮನೆಯವರು ಸಿ ಟೈಪ್ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ.

ಮೊದಲ ಇಪ್ಪತ್ತು ದೃಶ್ಯ ಇದರೊಳಗಿದೆ. ಮೀನು ಹಿಡಿಯುವ ಹಬ್ಬಕ್ಕೆ ಕೆರೆಬೇಟೆ ಎಂದು ಬರೆದಿದ್ದೇನೆ, ನಮ್ಮ ಸಾಗರದ ಕಡೆ ಹಾಗೇ ಅನ್ನುವುದು.

ಕನ್ನಮ್ಮ

ತೀರ್ಥಹಳ್ಳಿ
2 ಫೆಬ್ರವರಿ 2025

ಕನ್ನಮ್ಮನವರಿಗೆ,

ಹಾಳೆಗಳು ತಲುಪಿದವು. ಕೂತಲ್ಲೇ ಓದಿ ಮುಗಿಸಿದೆ. ಇಂಗ್ಲಿಷಿನಲ್ಲಿ 'ದಯವಿಟ್ಟು ಹೊರಡಿ' ಎಂದು ಬರುವ ಕಡೆ ನೀವು 'ಬಂದ ಕಾಲಲ್ಲೇ ತಿರುಗು' ಎಂದು ಬರೆದಿದ್ದೀರಿ. ಅವರು ಯಾಕೆ ಜಗಳ ಆಡಿದರು ಎಂದು ಈಗ ನನಗೂ ಗೊತ್ತಾಯಿತು.

ಒಂದು ನಗುವ ವಿಷಯ. ಕೆರೆಬೇಟೆ ಎಂದರೆ ಕೆರೆಯ ದಂಡೆಯಲ್ಲಿ ಕಾದು ಕೂತು ಮಿಕ ಹೊಡೆಯುವುದು ಎಂದುಕೊಂಡಿದ್ದೆ. ಚಿತ್ರದಲ್ಲಿ ಕೋವಿಯೇ ಇಲ್ಲವಲ್ಲ ಎಂದು ಕೆರಿಯಪ್ಪನವರ ಹತ್ತಿರ ಕೇಳಿದೆ. ಅವರು ನಕ್ಕು ನಕ್ಕು ಸೈಕಲ್ಲಿನಿಂದ ಇಳಿದುಬಿಟ್ಟರು. "ಕೂಣಿ ಹಾಕೋದು ಮೇಡಂ, ಬಿದ್ರಿಂದು, ಬುಟ್ಟಿ ಥರದ್ದು. ಕೋವಿ ಹಿಡ್ಕಂಡು ಮೀನಿಗೆ ಯಾರು ಹೋಗ್ತಾರೆ?" ನಾನು ಹುಟ್ಟಿದ್ದು, ಮದುವೆಯಾಗಿ ಬಂದದ್ದು ಎರಡೂ ಮೀನಿನ ವಾಸನೆಗೆ ಕಿಟಕಿ ಹಾಕುವ ಮನೆಗಳು. ಮುರುಗೋಡು, ಬಾಳೆಮೀನು ಎಂದು ನೀವು ಬರೆದಿದ್ದೀರಲ್ಲ, ಅಷ್ಟು ಬಗೆ ಬೇಕೇ? ಬರೀ ಮೀನು ಎಂದರೆ ಸಾಲದೇ?

ಪ್ರದರ್ಶನ ಮಾರ್ಚ್ 16ರ ಭಾನುವಾರ, ಮಧ್ಯಾಹ್ನ ಮೂರಕ್ಕೆ. ಮುಗಿಯುವ ಹೊತ್ತಿಗೆ ನಿಮಗೆ ಕಾರ್ಗಲ್ಲಿನವರೆಗೆ ಬಸ್ ಸಿಗುವುದಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಒಳ್ಳೆಯ ಲಾಡ್ಜ್ ಇದೆ, ರೂಮು ಹೇಳಿಡುತ್ತೇನೆ. ನಮ್ಮ ಮನೆಯಲ್ಲೇ ಉಳಿಸಿಕೊಳ್ಳುತ್ತಿದ್ದೆ, ಆದರೆ ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ. ಎಲ್ಲ ಅಸ್ತವ್ಯಸ್ತ.

ವಿನಯಾ

ಕಾರ್ಗಲ್
10 ಫೆಬ್ರವರಿ 2025

ವಿನಯಾ ಮೇಡಂಗೆ,

ಬರೀ ಮೀನು ಎಂದರೆ ಸಾಲದು. ಪೇಚಿ ಹಿಡಿದದ್ದು ಮುರುಗೋಡು ಎಂಬ ಕಾರಣಕ್ಕೇ ಗಲಾಟೆ. ಸಣ್ಣಪುಟ್ಟ ಮೀನಾಗಿದ್ದರೆ ಬಿಟ್ಟುಬಿಡುತ್ತಿದ್ದರು. ನಿಮಗೆ ಅರ್ಥವಾಗಬೇಕೆಂದರೆ, ಅತಿಥಿಗಳು ಬರುವ ಮೊದಲೇ ಹೋಳಿಗೆಗೆ ಕೈ ಹಾಕಿದ ಹಾಗೆ ಅಂದುಕೊಳ್ಳಿ.

ಲಾಡ್ಜಿನ ವಿಷಯ ಓದಿ ಬಹಳ ಖುಷಿಯಾಯಿತು. ಅರವತ್ತಾರು ವರ್ಷದಲ್ಲಿ ನಾನು ಒಂದು ಸಲವೂ ಲಾಡ್ಜಿನಲ್ಲಿ ಉಳಿದವಳಲ್ಲ. ಮದುವೆಗೆ ಹೋದರೆ ಛತ್ರದ ಚಾಪೆ, ಆಸ್ಪತ್ರೆಗೆ ಹೋದರೆ ಬೆಂಚು. ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದೇನೆ. "ಸಿನಿಮಾ ಪಾರ್ಟಿಯೋರು ಕನ್ನಮ್ಮಂಗೆ ರೂಮ್ ಬುಕ್ ಮಾಡಿದಾರಂತೆ" ಅಂತ ಹಾಲಮ್ಮ ಹಾಲಿನ ಡೈರಿಯಲ್ಲಿ ಕೂಡ ಸುದ್ದಿ ಹಬ್ಬಿಸಿದ್ದಾಳೆ. ಟವೆಲ್ಲು ಅವರೇ ಕೊಡುತ್ತಾರಾ, ನಾನು ತರಬೇಕಾ? ಬಿಸಿನೀರು ಬೆಳಿಗ್ಗೆ ಎಷ್ಟು ಗಂಟೆಗೆ ಬರುತ್ತದೆ? ಹಾಲಮ್ಮ ಕೇಳುತ್ತಿದ್ದಾಳೆ.

ಉಳಿದ ಹಾಳೆಗಳನ್ನು ಕಳಿಸಿದ್ದೇನೆ. ನಲವತ್ತೊಂದನೆಯ ದೃಶ್ಯ ಒಂದನ್ನು ಖಾಲಿ ಬಿಟ್ಟಿದ್ದೇನೆ. ಅದರಲ್ಲಿ ಮಾತು ಹೆಚ್ಚಿಲ್ಲ, ನೋಡಿದರೆ ತಿಳಿಯುತ್ತದೆ.

ಕನ್ನಮ್ಮ

ತೀರ್ಥಹಳ್ಳಿ
16 ಫೆಬ್ರವರಿ 2025

ಕನ್ನಮ್ಮನವರಿಗೆ,

ಇಷ್ಟು ಬೇಗ ಪೂರ್ತಿ ಮಾಡಿದಿರಿ. ನಲವತ್ತೊಂದನ್ನು ಖಾಲಿ ಬಿಟ್ಟದ್ದು ನನಗೆ ಎಲ್ಲಕ್ಕಿಂತ ಹಿಡಿಸಿತು. ತಾಯಿ ಮಾಡಿದ ತಪ್ಪಿಗೆ ಪೇಚಿಯ ಮಗ ಮೇಲಿನ ಬೀದಿಯ ಹತ್ತೊಂಬತ್ತು ಮನೆಗಳ ಬಾಗಿಲಲ್ಲೂ ಅಡ್ಡಬಿದ್ದು ಕ್ಷಮೆ ಕೇಳುವ ಆ ಜಾಗದಲ್ಲಿ ಮೌನವೇ ಸರಿ. ದೊಡ್ಡ ಕಲಾವಿದರು ಹೀಗೇ ಯೋಚಿಸುವುದು. ನಮ್ಮ ಬಳಗದವರಿಗೆಲ್ಲ ಓದಿ ಹೇಳಿದೆ.

ಟವೆಲ್ಲು ಅವರೇ ಕೊಡುತ್ತಾರೆ. ಬಿಸಿನೀರು ಆರರಿಂದ ಎಂಟು. ಬಣ್ಣದವರು ಇನ್ನೂ ಮನೆಯಲ್ಲೇ ಇದ್ದಾರೆ, ಹಾಗಾಗಿ ಪತ್ರ ಚಿಕ್ಕದು.

ವಿನಯಾ

ತೀರ್ಥಹಳ್ಳಿ
3 ಮಾರ್ಚ್ 2025

ಕನ್ನಮ್ಮಕ್ಕ,

ಹದಿನೈದು ದಿನವಾಯಿತು, ನಿಮ್ಮ ಉತ್ತರವಿಲ್ಲ. ದಿನಾ ಶಾಲೆಯಿಂದ ಬಂದವಳೇ ಟಪಾಲು ನೋಡುತ್ತೇನೆ. ಹಾಲಮ್ಮನ ನಂಬರು ಯಶೋಧಾರ ಹತ್ತಿರ ಇದೆ. ಆದರೆ ಫೋನಿನಲ್ಲಿ ಹೇಳುವ ವಿಷಯವಲ್ಲ ಇದು.

ನಮ್ಮ ಮನೆಗೆ ಬಣ್ಣ ಹೊಡೆಸುತ್ತಿಲ್ಲ. ಹೊಡೆಸಿ ಆರು ವರ್ಷವಾಯಿತು.

ಮನೆಯಲ್ಲಿ ನಾನು, ನನ್ನ ಗಂಡ ಗಿರಿಧರ, ನನ್ನ ಅತ್ತೆ ಮನೋರಮಾ. ಅತ್ತೆಗೆ ಎಪ್ಪತ್ತೆಂಟು. ಒಳ್ಳೆಯವರು, ನನ್ನ ಬಾಣಂತನವನ್ನು ಅಮ್ಮನಿಗಿಂತ ಹೆಚ್ಚಾಗಿ ಮಾಡಿದವರು. ಆದರೆ ಯಾರೇ ಬಂದರೂ ನೀರು ಕೊಡುವ ಮೊದಲು ಅವರದೊಂದು ಪ್ರಶ್ನೆ ಇದೆ: "ಯಾವ ಪೈಕಿ?" ಉತ್ತರ ನೋಡಿಕೊಂಡು ಲೋಟ ಬೇರೆ, ಕೂರುವ ಜಾಗ ಬೇರೆ. ನಿಮ್ಮನ್ನು ಅವರು ಕೇಳುತ್ತಾರೆ ಎಂದು ಹೆದರಿದೆ. ನಿಮ್ಮದು ಯಾವ ಜನ ಎಂದು ನಾನು ಒಂದು ದಿನವೂ ಕೇಳಲಿಲ್ಲ, ಅದನ್ನೇ ದೊಡ್ಡ ಗುಣ ಎಂದುಕೊಂಡಿದ್ದೆ. ಆದರೆ ಕೇಳದೆಯೇ ಒಂದು ಉತ್ತರ ಊಹಿಸಿಕೊಂಡು ಲಾಡ್ಜಿನಲ್ಲಿ ರೂಮು ಹೇಳಿದೆ. ಅತ್ತೆಯದಾದರೂ ಬಾಯಲ್ಲಿ ಕೇಳುವ ಪ್ರಶ್ನೆ.

ನೀವು ಲಾಡ್ಜಿನ ಸಂತೋಷ ಬರೆದ ಪತ್ರ ಓದಿದ ದಿನ ನನಗೆ ಊಟ ಸೇರಲಿಲ್ಲ. ಇಂಥ ಸಿನಿಮಾ ತೋರಿಸಲು ಹೊರಟವಳು ನಾನು. ಅತ್ತೆಯನ್ನು ನಾನು ಪ್ರದರ್ಶನಕ್ಕೆ ಕರೆದೂ ಇಲ್ಲ.

ಬರುವುದು ಬೇಡ ಎನಿಸಿದರೆ ಬರಬೇಡಿ. ನಿಮ್ಮ ಹಾಳೆಗಳನ್ನು ನಾನೇ ಹೇಗೋ ಓದುತ್ತೇನೆ. ಬರುವುದಾದರೆ ನಮ್ಮ ಮನೆಗೆ ಬನ್ನಿ, ಆದದ್ದಾಗಲಿ.

ವಿನಯಾ

ಕಾರ್ಗಲ್
8 ಮಾರ್ಚ್ 2025

ವಿನಯಾ,

ಇನ್ನು ಮೇಡಂ ಅನ್ನುವುದಿಲ್ಲ.

ಮೊದಲ ಸಲ ಬಣ್ಣ ಅಂದಾಗ ನಂಬಿದೆ. ಎರಡನೆಯ ಸಲವೂ ಬಣ್ಣ ಅಂದಾಗ ಹಾಲಮ್ಮ, "ಏನ್ ಅರಮನೆನಾ ಅದು?" ಅಂದಳು. ಆಗ ಗೊತ್ತಾಯಿತು. ಕಿಟಕಿ ಹಾಕುವ ಮನೆ ಎಂದು ನೀನೇ ಬರೆದಿದ್ದೆಯಲ್ಲ. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಎರಡು ದಿನ ಸಿನಿಮಾ ಹಾಕಲಿಲ್ಲ. ಆದರೆ ಉತ್ತರ ಬರೆಯದೆ ಇದ್ದದ್ದಕ್ಕೆ ಅದೊಂದೇ ಕಾರಣವಲ್ಲ. ನೀನು ನಿನ್ನದು ಹೇಳಿದ್ದೀಯ, ನಾನು ನನ್ನದು ಹೇಳುತ್ತೇನೆ.

ನಲವತ್ತೊಂದನ್ನು ನಾನು ಕಲಾವಿದೆ ಎಂದು ಖಾಲಿ ಬಿಡಲಿಲ್ಲ. ಬರೆಯಲು ಆಗಲಿಲ್ಲ. ನೀನು ಹೊಗಳಿ ಬರೆದ ಮೇಲೆ ಇನ್ನೂ ಕಷ್ಟವಾಯಿತು, ಹೊಗಳಿಕೆಯನ್ನು ವಾಪಸು ಕೊಡುವುದು ಹೇಗೆ?

ನನ್ನ ಅಪ್ಪ ಹಾಗೆ ಅಡ್ಡಬಿದ್ದವನು. ಅವನ ಊರಲ್ಲಿ ಮೇಲಿನ ಬೀದಿಯಲ್ಲಿ ಒಂದು ಚಹಾದ ಅಂಗಡಿ, ಅದರ ಮುಂದೆ ಬೆಂಚು. ಅಪ್ಪನಿಗೆ ಓದು ಬರುತ್ತಿತ್ತು. ಒಂದು ದಿನ ಅಂಗಡಿಯ ಗೋಡೆಗೆ ಯಾರೋ ಒಂದು ಕಾಗದ ಅಂಟಿಸಿದ್ದರು. ಅದನ್ನು ಜೋರಾಗಿ ಓದಿ ಹೇಳು ಎಂದು ಜನ ಕೇಳಿದರಂತೆ. ಓದುತ್ತಾ ಓದುತ್ತಾ ಕಾಲು ಸೋತು ಬೆಂಚಿನ ಮೇಲೆ ಕೂತುಬಿಟ್ಟ. ಅಷ್ಟೇ ತಪ್ಪು. ಮರುದಿನ ಇಪ್ಪತ್ತಮೂರು ಮನೆ, ಒಂದೊಂದು ಬಾಗಿಲಲ್ಲೂ "ಸಾಮಿ, ತಪ್ಪಾಯ್ತು" ಎಂದು ಹೇಳಬೇಕಾಯಿತು. ಆಗ ನನಗೆ ಎರಡು ವರ್ಷ, ಅಮ್ಮನ ಸೊಂಟದ ಮೇಲಿದ್ದೆನಂತೆ. ಆ ಕಾಗದದಲ್ಲಿ ಇದ್ದದ್ದು ಏನು ಗೊತ್ತಾ? ಮೈಸೂರು ರಾಜ್ಯದಲ್ಲಿ ಶರಾವತಿಗೆ ಅಣೆಕಟ್ಟೆ ಕಟ್ಟುತ್ತಿದ್ದಾರೆ, ಆಳು ಬೇಕು ಎಂದು. ಅದೇ ವಾರ ಅಪ್ಪ ಲಾರಿ ಹತ್ತಿದ. ಬೆಂಚಿನ ಮೇಲೆ ಕೂರದೆ ಇದ್ದಿದ್ದರೆ ನಾನು ಇವತ್ತು ನಿನಗೆ ಕಾಗದ ಬರೆಯುತ್ತಿರಲಿಲ್ಲ, ಅಲ್ಲೇ ಎಲ್ಲೋ ಸೌದೆ ಹೊರುತ್ತಿದ್ದೆ.

ಅಪ್ಪ ಇದನ್ನು ಒಂದೇ ಸಲ ಹೇಳಿದ್ದು, ನನಗೆ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕ ದಿನ. ಹೇಳಿ ನಕ್ಕ. ಆ ಎರಡು ಮಾತನ್ನು ಕನ್ನಡದಲ್ಲಿ ಬರೆಯಲು ಕೂತರೆ ಅಪ್ಪನ ಧ್ವನಿಯಲ್ಲೇ ಕೇಳಿಸುತ್ತದೆ.

ಬರುತ್ತೇನೆ. ಲಾಡ್ಜ್ ಮಾತ್ರ ಬದಲಾಯಿಸಬೇಡ, ಇಡೀ ಕಾಲೊನಿಗೆ ಹೇಳಿ ಆಗಿದೆ. ಸೋಮವಾರ ಬೆಳಿಗ್ಗೆ ಕಾಫಿಗೆ ನಿಮ್ಮ ಮನೆಗೆ ಬರುತ್ತೇನೆ. ನಿಮ್ಮ ಅತ್ತೆ ಏನು ಕೇಳಬೇಕೋ ಕೇಳಲಿ. ನನಗೆ ಉತ್ತರ ಗೊತ್ತಿದೆ.

ಕನ್ನಮ್ಮ

ತೀರ್ಥಹಳ್ಳಿ
19 ಮಾರ್ಚ್ 2025

ಕನ್ನಮ್ಮಕ್ಕ,

ಸುಖವಾಗಿ ತಲುಪಿದಿರಿ ಎಂದು ಹಾಲಮ್ಮನಿಂದ ಯಶೋಧಾರಿಗೆ, ಯಶೋಧಾರಿಂದ ನನಗೆ ಸುದ್ದಿ ಬಂತು. ನೀವು ಪರದೆಯ ಪಕ್ಕದಲ್ಲಿ ಹಾಳೆಯ ಮೇಲೆ ಕಣ್ಣಿಟ್ಟು ಕೂತಿದ್ದಿರಿ, ಹಿಂದೆ ಏನು ನಡೆಯಿತು ಎಂದು ನಿಮಗೆ ಕಾಣಲಿಲ್ಲ. ಅದನ್ನು ಹೇಳಲೇಬೇಕು.

ಚಿತ್ರ ಶುರುವಾಗಿ ಹತ್ತು ನಿಮಿಷಕ್ಕೆ ಬಾಗಿಲು ತೆರೆದು ಅತ್ತೆ ಬಂದರು. ಹೇಗೋ ಸುದ್ದಿ ಕೇಳಿ, ಒಬ್ಬರೇ ಆಟೋ ಮಾಡಿಕೊಂಡು ಬಂದಿದ್ದರು. "ಎಂತಕ್ಕೆ ಹೇಳಿದ್ದಿಲ್ಲೆ ನೀನು? ಕಣ್ಣು ಕಾಣ್ತಿಲ್ಲೆ ಅಂದ್ರೆ ಕಿವಿನೂ ಇಲ್ಲೆ ಅಂದ್ಕಂಡ್ಯ?" ಅಂದವರೇ ನಾಲ್ಕನೆಯ ಸಾಲಿನಲ್ಲಿ ಕೆರಿಯಪ್ಪನವರ ಪಕ್ಕ ಕೂತರು. ಅತ್ತೆಗೆ ಕಣ್ಣಿನ ಪೊರೆ ಬಂದು ಅಕ್ಷರ ಓದಲಾಗುವುದಿಲ್ಲ. ನಿಮ್ಮ ಧ್ವನಿಗೆ ಕಿವಿಯೊಡ್ಡಿ ಕೂತವರು ಅಲ್ಲಾಡಲಿಲ್ಲ. ಮೀನುಗಳು ರಾಶಿ ರಾಶಿ ಬಂದಾಗ ಮಾತ್ರ ಸೆರಗು ಮೂಗಿಗೆ ಹಿಡಿದರು, ಪರದೆಯಿಂದ ವಾಸನೆ ಬರುತ್ತದೇನೋ ಎಂಬ ಹಾಗೆ. ಕೆರಿಯಪ್ಪ ಅವರಿಗೆ ಕೂಣಿ ಹಾಕುವುದು ಹೇಗೆ ಎಂದು ಕೈಯಲ್ಲಿ ತೋರಿಸಿ ವಿವರಿಸುತ್ತಿದ್ದರು.

ನಲವತ್ತೊಂದು ಬಂತು. ನೀವು ಸುಮ್ಮನಿರುತ್ತೀರಿ ಎಂದುಕೊಂಡಿದ್ದೆ. ಮೊದಲ ಬಾಗಿಲಲ್ಲಿ ನೀವು "ಸಾಮಿ, ತಪ್ಪಾಯ್ತು" ಎಂದಿರಿ. ಎರಡನೆಯದರಲ್ಲೂ ಎಂದಿರಿ. ಒಂದನ್ನೂ ಬಿಡದೆ, ಧ್ವನಿ ಏರಿಸದೆ, ಇಳಿಸದೆ. ಐದನೆಯ ಬಾಗಿಲಿಗೆ ಕೆರಿಯಪ್ಪ "ಏಳಾ ಮಾರಾಯ, ಸಾಕು" ಅಂದರು. ಆರನೆಯದಕ್ಕೆ ಹಿಂದಿನ ಸಾಲಿನ ಹೆಂಗಸರೂ ಹೇಳಿದರು. ಎಂಟನೆಯ ಬಾಗಿಲಾದ ಮೇಲೆ ಅತ್ತೆ, ಕಿವಿ ಮಂದ ಇರುವವರು ಮಾತಾಡುವ ಹಾಗೆ, ಇಡೀ ಸಭೆಗೆ ಕೇಳುವಂತೆ ಕೇಳಿದರು: "ಇನ್ನೂ ಎಷ್ಟು ಮನೆ ಇದ್ದಡ ಅವಂಗೆ?"

ನೀವು ತಲೆ ಎತ್ತದೆ ಮೈಕಿನಲ್ಲಿ ಹೇಳಿದಿರಿ: "ಇನ್ನೂ ಹನ್ನೊಂದು, ಅಮ್ಮ."

ಎಲ್ಲರೂ ಹನ್ನೊಂದನ್ನೂ ಕೇಳಿದರು. ಅತ್ತೆ ಬೆರಳು ಮಡಿಸಿ ಎಣಿಸುತ್ತಿದ್ದರು.

ಸೋಮವಾರ ನೀವು ಮನೆಗೆ ಬಂದಾಗ ನಾನು ಒಳಗೆ ಕಾಫಿ ಮಾಡುತ್ತಿದ್ದೆ. ಹಾಲು ಉಕ್ಕಿಸಿದೆ. ತಪ್ಪಿಯೂ ಬೇರೆ ಲೋಟ ಬರಬಾರದು ಎಂದು ಮೂರೂ ಒಂದೇ ಥರದ್ದನ್ನು ಹುಡುಕಿ ಇಟ್ಟೆ. ಹೊರಗೆ ಬರುವ ಹೊತ್ತಿಗೆ ನಿಮ್ಮಿಬ್ಬರ ಮಾತು ಮುಗಿದಿತ್ತು. ಏನು ನಡೆಯಿತು ಎಂದು ಅತ್ತೆಯನ್ನು ಕೇಳಿದರೆ "ಎಂಗೊ ಎಂತೋ ಮಾತಾಡಿಯ" ಅನ್ನುತ್ತಾರೆ, ನಾವಿಬ್ಬರು ಏನೋ ಮಾತಾಡಿಕೊಂಡೆವು ಅಂತ. ನೀವಾದರೂ ಹೇಳಿ.

ವಿನಯಾ

ಕಾರ್ಗಲ್
25 ಮಾರ್ಚ್ 2025

ವಿನಯಾ,

ಮೊದಲು ಲಾಡ್ಜಿನ ವರದಿ. ಟವೆಲ್ಲು ಚಿಕ್ಕದು. ಟಿವಿಯಲ್ಲಿ ಒಂದೇ ಚಾನೆಲ್ಲು ಬರುತ್ತಿತ್ತು, ಅದೂ ಹಿಂದಿ. ಬಿಸಿನೀರು ಬಂತು, ಆದರೆ ನಾನು ತಣ್ಣೀರು ಎಂದುಕೊಂಡು ಪೂರ್ತಿ ತಿರುಗಿಸಿ ಕಿರುಚಿದೆ, ಹುಡುಗರು ಓಡಿಬಂದರು. ಹಾಲಮ್ಮನಿಗೆ ಇದನ್ನೆಲ್ಲ ಹೇಳಲಿಲ್ಲ. ಅರಮನೆ ಹಾಗಿತ್ತು ಎಂದಿದ್ದೇನೆ.

ನಿಮ್ಮ ಅತ್ತೆ ಕೇಳಿದರು. ನಾನು ಜಗಲಿಯಲ್ಲಿ ಕೂತ ಕೂಡಲೇ. "ನೀವು ಯಾವ ಪೈಕಿ?"

"ಪಿಚ್ಚರ್‌ನಾಗೆ ಕೆಳಗಿನ ಬೀದಿ ಇತ್ತಲ್ಲ ಅಮ್ಮ, ಆ ಪೈಕಿ" ಅಂದೆ.

ಅವರು ಎದ್ದು ಒಳಗೆ ಹೋದರು. ನಾನು ಚಪ್ಪಲಿ ಎಲ್ಲಿ ಬಿಟ್ಟೆ ಎಂದು ನೋಡಿಕೊಂಡೆ. ಆದರೆ ಅವರು ಕನ್ನಡಕ ತರಲು ಹೋಗಿದ್ದರು. ಹಾಕಿಕೊಂಡು ಬಂದು ನನ್ನ ಮುಖವನ್ನು ಸರಿಯಾಗಿ ನೋಡಿದರು.

"ಮೈಕಿನಲ್ಲಿ ಹೇಳ್ವಾಗ ನಿಮ್ಮ ಧ್ವನಿ ಓದೋರ ಥರ ಇರ್ಲಿಲ್ಲ. ಯಾರಾದ್ರೂ ನಿಮ್ಮನೆಯವ್ರಿಗೆ ಹಾಗೆ ಮಾಡಿಸಿದ್ರಾ?"

"ನಮ್ಮಪ್ಪಂಗೆ."

"ಎಷ್ಟು ಮನೆ?"

"ಇಪ್ಪತ್ತಮೂರು."

ಅವರು ಅಳಲಿಲ್ಲ, ನನ್ನ ಕೈ ಹಿಡಿಯಲಿಲ್ಲ. ಸಿನಿಮಾದಲ್ಲಾದರೆ ಹಿಡಿಯುತ್ತಿದ್ದರು. ಆಮೇಲೆ ಹೇಳಿದರು: "ನಂಗೆ ಎಪ್ಪತ್ತೆಂಟು. ಇವತ್ತು ಬೆಳಿಗ್ಗೆಯಿಂದ ಬದಲಾಗ್ತೇನೆ ಅಂತ ನಿಮ್ಮ ಹತ್ರ ಸುಳ್ಳು ಹೇಳ್ಲಿಕ್ಕೆ ಬರೋದಿಲ್ಲ. ನಮ್ಮನೆ ಬಾಗಿಲಿಗೂ ಜನ ಬಂದು ಹೊರಗೆ ನಿಂತಿದ್ದು ಇದ್ದು. ಒಳಗೆ ಕೂತಿದ್ದ ನಂಗೆ ಎಣಿಸ್ಬೇಕು ಅಂತ ಯಾವತ್ತೂ ಅನ್ನಿಸಿದ್ದಿಲ್ಲೆ."

ಅಷ್ಟರಲ್ಲಿ ನೀನು ಕಾಫಿ ತಂದೆ. ನೀನು ತಿಂಡಿ ತರಲು ಒಳಗೆ ಹೋದ ಮೇಲೆ ಅವರು ತಟ್ಟೆ ನೋಡಿ ನಕ್ಕರು. "ನಮ್ಮನೆ ಸೊಸೆ ಮೂರೂ ಒಂದೇ ನಮೂನೆ ಲೋಟ ತಂದಿದ್ದು. ನಂಗೆ ಗೊತ್ತಾಗ್ತಿಲ್ಲೆ ಅಂದ್ಕಂಡಿದ್ದು." ನಿಮ್ಮ ಮನೆ ಮಾತಿನಲ್ಲಿ ಸೊಸೆಗೆ 'ಅದು' ಅನ್ನುತ್ತಾರೆ ಎಂದು ನನಗೆ ಅವತ್ತೇ ತಿಳಿದದ್ದು. ಕುಡಿದಾದ ಮೇಲೆ ನಾನು ಹಳೆಯ ರೂಢಿಯಂತೆ ನನ್ನ ಲೋಟ ತೊಳೆಯಲು ಎದ್ದೆ. "ಇಡಿ ಅಲ್ಲೇ. ಸೊಸೆ ತೊಳೀತು. ಶಾಲೆಗೆ ರಜ ಹಾಕಿ ಕೂತಿದ್ದು, ಮತ್ತೆಂತ ಕೆಲಸ?" ಅಂದರು.

ಇಟ್ಟು ಬಂದೆ. ಹೊಸನಗರದ ಬಸ್ಸಿನಲ್ಲಿ ಕೂತ ಮೇಲೆ ನನಗೆ ಸ್ವಲ್ಪ ಅಳು ಬಂತು. ಕಂಡಕ್ಟರ್ ಚಿಲ್ಲರೆ ಇಲ್ಲದ್ದಕ್ಕೆ ಎಂದುಕೊಂಡು, "ಹೆಂಗಸ್ರಿಗೆ ಫ್ರೀ ಅಜ್ಜಿ, ಅಳ್ಬೇಡಿ" ಅಂದ.

ಹೊಸನಗರದಲ್ಲಿ ಇಳಿದು ಬಸ್ ಬದಲಿಸುವಾಗ ಯಶೋಧಾ ಸಿಕ್ಕಿದ್ದಳು. ಅವಳ ಸಂಘದವರು ಏಪ್ರಿಲ್ 20ಕ್ಕೆ ಅಲ್ಲೂ ತೋರಿಸಬೇಕಂತೆ. ನಾನು ಹೂಂ ಅಂದಿದ್ದೇನೆ. ನಲವತ್ತೊಂದನೆಯ ಹಾಳೆ ಈಗ ಬರೆದಿದ್ದೇನೆ, ಅಷ್ಟೂ ಸಲ.

ಕನ್ನಮ್ಮ

ತೀರ್ಥಹಳ್ಳಿ
6 ಏಪ್ರಿಲ್ 2025

ಕನ್ನಮ್ಮನವರಿಗೆ ಮನೋರಮಾ ಬರೆಯುವುದು.

ಅಕ್ಷರ ಸೊಟ್ಟಗಿದ್ದರೆ ನನ್ನ ಕಣ್ಣಿನ ಪೊರೆಯ ತಪ್ಪು. ಸೊಸೆ ಬರೆದುಕೊಡುತ್ತೇನೆ ಎಂದಳು, ನಾನು ಬೇಡ ಎಂದೆ. ಅವಳ ಮುಂದೆ ಹೇಳುವ ಮಾತಲ್ಲ.

ಹೊಸನಗರಕ್ಕೆ ನಾನೂ ಬರುತ್ತೇನೆ. ಅವಳ ಜೊತೆ ಬಸ್ಸಿನಲ್ಲಿ ಬಂದು ಅದೇ ದಿನ ತಿರುಗಿ ಬರುವುದು. ಮಧ್ಯಾಹ್ನಕ್ಕೆ ಯಶೋಧಾ ಎಂಬವರ ಮನೆಯಲ್ಲಿ ಊಟ ಎಂದು ಇವರು ಮಾತಾಡಿಕೊಂಡಿದ್ದಾರೆ. ನನ್ನ ಅವಲಕ್ಕಿಯ ಡಬ್ಬಿ ನನ್ನ ಕೈಯಲ್ಲಿರುತ್ತದೆ. ಅದನ್ನು ನಾನು ಬಿಡುವುದಿಲ್ಲ, ಮೊದಲೇ ಹೇಳಿದ್ದೇನೆ. ಆದರೆ ಇಬ್ಬರಿಗೆ ಆಗುವಷ್ಟು ಹಾಕಿಕೊಂಡು ಬರುತ್ತೇನೆ.

ಈಗ ಮುಖ್ಯ ವಿಷಯ. ಚಿತ್ರದ ಕೊನೆ ನನಗೆ ಹಿಡಿಸಲಿಲ್ಲ. ಕೋರ್ಟಿನಲ್ಲಿ ಗೆದ್ದು, ಮರುವರ್ಷ ಎಲ್ಲರ ಜೊತೆ ಕೆರೆಗಿಳಿದು, ಆ ಪೇಚಿ ತನ್ನ ಬುಟ್ಟಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಮೀನನ್ನು ಮೇಲಿನ ಬೀದಿಯ ಯಜಮಾನನ ಮನೆಗೆ ಕಳಿಸುತ್ತಾಳಲ್ಲ, ಅದು ಯಾಕೆ? ಮೀನಿನ ವಿಷಯ ನನಗೆ ತಿಳಿಯದು. ಆದರೆ ಅವಳ ಮಗ ಹತ್ತೊಂಬತ್ತು ಬಾಗಿಲಲ್ಲಿ ಬಿದ್ದಿದ್ದಾನೆ. ಆ ಮನೆಯವನು ಒಂದು ಸಲವಾದರೂ ಅವಳ ಬಾಗಿಲಿಗೆ ಬಂದನೇ? ಬರದೆ ಇದ್ದವನಿಗೆ ಯಾಕೆ ಕೊಡಬೇಕು? ಮೂರು ವಾರದಿಂದ ಇದೇ ಯೋಚನೆ, ಜಪಕ್ಕೆ ಕೂತರೂ ಅದೇ ಬರುತ್ತದೆ. ಹೊಸನಗರದಲ್ಲಿ ಓದುವಾಗ ನೀವು ಅದನ್ನು ಬದಲಿಸಿ. ಅಲ್ಲಿನ ಜನರಿಗೆ ತಮಿಳು ಬರುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ.

ಮನೋರಮಾ

ಕಾರ್ಗಲ್
10 ಏಪ್ರಿಲ್ 2025

ಮನೋರಮಾ ಅಮ್ಮನವರಿಗೆ ಕನ್ನಮ್ಮ ಮಾಡುವ ನಮಸ್ಕಾರ.

ನಿಮ್ಮ ಅಕ್ಷರ ಚೆನ್ನಾಗಿದೆ, ನನ್ನದಕ್ಕಿಂತ ದುಂಡು. ಕಾಗದವನ್ನು ಹಾಲಮ್ಮನಿಗೂ ಓದಿ ಹೇಳಿದೆ. ಅವಳು ನಿಮ್ಮ ಪಾರ್ಟಿ. "ಕೊಡ್ಬಾರ್ದಾಗಿತ್ತು, ಸಾರು ಮಾಡ್ಬೇಕಾಗಿತ್ತು" ಅನ್ನುತ್ತಾಳೆ.

ಅವಲಕ್ಕಿ ತನ್ನಿ, ನಾನು ತಿನ್ನುತ್ತೇನೆ. ನಾನೂ ನಿಂಬೆಹಣ್ಣಿನ ಚಿತ್ರಾನ್ನ ತರುತ್ತೇನೆ. ಡಬ್ಬಿ ತೆರೆದು ನಿಮ್ಮ ಮುಂದೆ ಇಡುತ್ತೇನೆ, ಅಷ್ಟೇ. ಮುಂದಿನದು ನಿಮಗೆ ಬಿಟ್ಟದ್ದು. ತೆಗೆದುಕೊಳ್ಳದಿದ್ದರೆ ನಾನು ಮುಖ ಊದಿಸಿಕೊಳ್ಳುವುದಿಲ್ಲ, ಹಾಲಮ್ಮ ಇದ್ದಾಳೆ ಖಾಲಿ ಮಾಡಲು. ಅವಳೂ ಹೊರಟಿದ್ದಾಳೆ.

ಪೇಚಿ ಯಾಕೆ ಕೊಟ್ಟಳು ಎಂದು ನನಗೂ ಗೊತ್ತಿಲ್ಲ. ಅಪ್ಪ ಮುದುಕನಾದ ಮೇಲೆ ಒಂದು ಸಲ ಆ ಊರಿಗೆ ಹೋಗಿಬಂದ. ಹೋಗುವಾಗ ಮೇಲಿನ ಬೀದಿಯವರಿಗೆಂದು ಒಂದು ಡಬ್ಬ ಜೋನಿಬೆಲ್ಲ ಕೊಂಡ. ಅಮ್ಮ ಬೈದಳು. ತಿರುಗಿ ಬಂದಾಗ ಡಬ್ಬ ಹಾಗೇ ಇತ್ತು. "ಯಾಕೆ ಕೊಡಲಿಲ್ಲ?" ಎಂದು ಕೇಳಿದರೆ, "ಬಸ್ ಇಳಿದಾಗ ಕೊಡಬೇಕು ಅನ್ನಿಸಿತ್ತು, ಬೀದಿ ನೋಡಿದ ಮೇಲೆ ಬೇಡ ಅನ್ನಿಸಿತು" ಅಂದ. ಆ ಬೆಲ್ಲ ನಾವೇ ತಿಂದೆವು. ಹಾಗಾಗಿ ಈ ವಿಷಯದಲ್ಲಿ ಅಪ್ಪನೂ ನಿಮ್ಮ ಕಡೆಯೇ ಇರುತ್ತಿದ್ದನೇನೋ.

ಆದರೆ ಅಮ್ಮ, ಬದಲಿಸುವುದು ನನ್ನಿಂದ ಆಗುವುದಿಲ್ಲ. ಚಿತ್ರದಲ್ಲಿ ಪೇಚಿ ಕೊಟ್ಟಳು, ನಾನು ಕೊಟ್ಟಳು ಎಂದೇ ಹೇಳಬೇಕು. ನೀವು ಒಂದು ಕೆಲಸ ಮಾಡಿ. ಮೊದಲ ಸಾಲಿನಲ್ಲಿ ಕೂರಿ. ಆ ಮೀನು ಬುಟ್ಟಿಯಿಂದ ಹೊರಗೆ ಬಂದ ಕೂಡಲೇ ನಿಮಗೆ ಅನ್ನಿಸಿದ್ದನ್ನು ಜೋರಾಗಿ ಕೂಗಿ ಹೇಳಿ. ನಾನು ಒಂದು ಗಳಿಗೆ ನಿಲ್ಲಿಸುತ್ತೇನೆ. ಹೊಸನಗರದವರು ಯಾರ ಮಾತು ಕೇಳುತ್ತಾರೋ ನೋಡೋಣ.

ಕನ್ನಮ್ಮ